ಪಿಜ್ಜನ ಬದುಕನ್ನು ದಾಖಲೆಗಳಲ್ಲಿ ಹುಡುಕುವುದು ಹೇಗೆ? ಕಾಸರಗೋಡಿನವರಿಗೊಂದು ಸಮಗ್ರ ಮಾರ್ಗದರ್ಶಿ

ಕಾಸರಗೋಡು, ಮಂಜೇಶ್ವರ, ಹೊಸದುರ್ಗ ಕಡೆ ವಂಶವೃಕ್ಷ ಬರೆಯಲು ಹೊರಟವರಲ್ಲಿ ಹೆಚ್ಚಿನವರು ಅಜ್ಜನ ತಂದೆಯ, ಅಂದರೆ ಪಿಜ್ಜನ, ಹತ್ತಿರ ಬಂದು ನಿಂತುಬಿಡುತ್ತಾರೆ. ಹೆಸರು ಗೊತ್ತಿರುತ್ತದೆ, ಮುಂದೇನೂ ಸಿಗುವುದಿಲ್ಲ. ದಾಖಲೆ ಇಲ್ಲವೆಂದಲ್ಲ, ಹೆಸರು ಹಿಡಿದು ಹುಡುಕುವುದೇ ತೊಡಕು. ಒಂದೇ ಗ್ರಾಮದಲ್ಲಿ ಒಂದೇ ಕಾಲಕ್ಕೆ ನಾಲ್ಕು ಮಂದಿ ಸುಬ್ರಾಯರು, ಮೂರು ಮಂದಿ ಐತಪ್ಪರು ಇರುತ್ತಿದ್ದರು. ಅವರು ಕೂತ ಜಾಗ ಮಾತ್ರ ಬೇರೆ ಬೇರೆ. ಆದ್ದರಿಂದ ಹೆಸರಿನ ಬೆನ್ನು ಬಿಟ್ಟು ಜಾಗದ ಬೆನ್ನು ಹಿಡಿಯಬೇಕು. ಇವತ್ತಿನ ಕಾಗದದಿಂದ ಶುರುಮಾಡಿ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗಬೇಕು. ಮಧ್ಯದ ಒಂದು ತಲೆಮಾರು ಹಾರಿಸಿದರೆ ಬೇರೆಯವರ ಪಿಜ್ಜನನ್ನು ನಮ್ಮವನೆಂದು ಬರೆದಿಡುವ ಅಪಾಯ ಇದೆ.

ಹೊರಡುವ ಮೊದಲು ಬೇಕಾದ ಸಾಮಾನು

ಉದ್ದ ಗೆರೆಯ ಒಂದು ನೋಟ್‌ಬುಕ್, ಪೆನ್ಸಿಲ್, ಒಳ್ಳೆಯ ಕ್ಯಾಮೆರಾ ಇರುವ ಮೊಬೈಲ್, ಸಣ್ಣ ಟಾರ್ಚ್, ಭೂತಗನ್ನಡಿ. ಪ್ರತಿ ವ್ಯಕ್ತಿಗೆ ಒಂದು ಪುಟ ಬಿಡಿ. ಪುಟದ ಎಡಗಡೆ ದಾಖಲೆ ಹೇಳಿದ್ದು, ಬಲಗಡೆ ಮನೆಯವರು ಹೇಳಿದ್ದು. ಇವೆರಡನ್ನು ಒಂದೇ ಕಡೆ ಬೆರೆಸಿದರೆ ಆರು ತಿಂಗಳ ನಂತರ ಯಾವುದು ಎಲ್ಲಿಂದ ಬಂತೆಂದು ನಿಮಗೇ ತಿಳಿಯುವುದಿಲ್ಲ.

ಹಳೆಯ ಕೈಬರಹದ ಕನ್ನಡ ಓದಬಲ್ಲ ಒಬ್ಬರು ಜೊತೆಗಿದ್ದರೆ ಅರ್ಧ ಕೆಲಸ ಮುಗಿದಂತೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ಹಿಂದಿನ ಕಾಗದ ಹೆಚ್ಚಾಗಿ ಕೂಡಿಸಿ ಬರೆದ ಕನ್ನಡದಲ್ಲಿರುತ್ತದೆ, ಅಂಕಿಗಳೂ ಕನ್ನಡದವೇ. ಆಮೇಲಿನವು ಬರಬರುತ್ತಾ ಮಲಯಾಳಕ್ಕೆ ತಿರುಗುತ್ತವೆ. ಎರಡೂ ಓದಲು ಬರಬೇಕು, ಇಲ್ಲವೇ ಓದುವವರನ್ನು ಹುಡುಕಿಕೊಳ್ಳಬೇಕು.

ಹಂತ 1: ಮನೆಯ ಪೆಟ್ಟಿಗೆ

ಯಾವ ಕಚೇರಿಗೂ ಹೋಗುವ ಮೊದಲು ಮೂಲ ಮನೆಯ ಪೆಟ್ಟಿಗೆ, ಅಟ್ಟ, ಗೋಡೆ ಕಪಾಟು ನೋಡಿ. ಹುಡುಕಬೇಕಾದದ್ದು ತೀರ್ವೆ (ಭೂಕಂದಾಯ) ರಶೀದಿ, ದಸ್ತಾವೇಜು, ಗೇಣಿ ಚೀಟಿ, ಜಾತಕ, ಲಗ್ನಪತ್ರಿಕೆ, ಬೊಜ್ಜದ (ಉತ್ತರಕ್ರಿಯೆಯ) ಕಾಗದ, ಹಳೆಯ ಲೆಕ್ಕಪುಸ್ತಕ. ತೀರ್ವೆ ರಶೀದಿಯನ್ನು ಚಿಲ್ಲರೆ ಕಾಗದವೆಂದು ಬದಿಗಿಡಬೇಡಿ. ಗ್ರಾಮದ ಹೆಸರು, ಸರ್ವೆ ನಂಬ್ರ, ಪಟ್ಟೆ (ಜಾಗದ ಹಕ್ಕುಪತ್ರ) ನಂಬ್ರ, ಯಾರ ಹೆಸರಿಗೆ ಪಟ್ಟೆ, ಯಾರು ಕಟ್ಟಿದ್ದು, ಇಷ್ಟೂ ಆ ಒಂದು ಚೀಟಿಯಲ್ಲಿ ಸಿಗಬಹುದು. ಪಟ್ಟೆದಾರ ಒಬ್ಬ, ಕಟ್ಟಿದವ ಇನ್ನೊಬ್ಬ ಎಂದಿದ್ದರೆ ಎರಡೂ ಹೆಸರು ಬರೆದುಕೊಳ್ಳಿ.

ತಾರೀಕು ಹರಿದುಹೋದ ಕಾಗದದ ಕಾಲವನ್ನು ತಲೆಬರಹ ನೋಡಿ ಅಂದಾಜಿಸಬಹುದು. ‘ದಕ್ಷಿಣ ಕನ್ನಡ ಜಿಲ್ಲೆ’ ಎಂದಿದ್ದರೆ 1956ರ ನವೆಂಬರ್ 1ಕ್ಕಿಂತ ಹಿಂದಿನದು. ‘ಕಣ್ಣೂರು ಜಿಲ್ಲೆ’ ಎಂದಿದ್ದರೆ 1957ರಿಂದ 1984ರ ಮೇ ತಿಂಗಳೊಳಗಿನದು. 1984ರ ಮೇ 24ರ ನಂತರದ್ದು ‘ಕಾಸರಗೋಡು ಜಿಲ್ಲೆ’. ಮೊತ್ತ ರೂಪಾಯಿ-ಆಣೆ-ಪೈಯಲ್ಲಿದ್ದರೆ ಸಾಮಾನ್ಯವಾಗಿ 1957ರ ಏಪ್ರಿಲ್‌ಗಿಂತ ಹಿಂದಿನದು. ನಯೆ ಪೈಸೆ ಕಂಡರೆ ಖಂಡಿತ ಆಮೇಲಿನದು. ಛಾಪಾ ಕಾಗದದಲ್ಲಿ ಆರನೆಯ ಜಾರ್ಜ್ ದೊರೆಯ ಚಿತ್ರ ಇದ್ದರೆ 1936ಕ್ಕಿಂತ ಹಳೆಯದಾಗಿರಲಾರದು. ಹಳೆಯ ದಾಸ್ತಾನನ್ನು ವರ್ಷಗಟ್ಟಲೆ ಮಾರಿದ್ದಿರಬಹುದಾದ್ದರಿಂದ ಚಿತ್ರದಿಂದ ‘ಇದಕ್ಕಿಂತ ಮೊದಲಲ್ಲ’ ಎಂಬುದಷ್ಟೇ ಗೊತ್ತಾಗುತ್ತದೆ.

ಹರಿದ ಕಾಗದಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಮಾಡಿಸಲೇಬೇಡಿ. ಅಂಟು ಕೆಲವೇ ವರ್ಷದಲ್ಲಿ ಹಳದಿಯಾಗಿ ಶಾಯಿಯನ್ನು ನುಂಗುತ್ತದೆ, ಲ್ಯಾಮಿನೇಶನ್ ಬಿಸಿಗೆ ಅಂಟಿದ್ದನ್ನು ಮತ್ತೆ ಬಿಡಿಸಲಾಗದು. ತಾಳೆಗರಿಯ ಓಲೆ ಸಿಕ್ಕರೆ ಅಡುಗೆ ಎಣ್ಣೆ, ಸೀಮೆಎಣ್ಣೆ ಏನೂ ಸವರದೆ ಹತ್ತಿಯ ಬಟ್ಟೆಯಲ್ಲಿ ಸುತ್ತಿಡಿ. ಫೋಟೋ ತೆಗೆಯುವಾಗ ಟಾರ್ಚನ್ನು ಬದಿಯಿಂದ ಓರೆಯಾಗಿ ಹಿಡಿದರೆ ಕೊರೆದ ಅಕ್ಷರದ ನೆರಳು ಎದ್ದು ಕಾಣುತ್ತದೆ. ಈ ಕೆಲಸವನ್ನೆಲ್ಲ ಮಳೆಗಾಲಕ್ಕೆ ಮೊದಲೇ ಮುಗಿಸಿ. ಆಟಿಯ ತೇವಕ್ಕೆ ಪೆಟ್ಟಿಗೆ ತೆರೆದಿಟ್ಟರೆ ಬೂಸಲು ಬರುತ್ತದೆ.

ಹಂತ 2: ಹಿರಿಯರನ್ನು ಕೇಳುವುದು

‘ಪಿಜ್ಜನ ಬಗ್ಗೆ ಹೇಳಿ ಅಜ್ಜೀ’ ಎಂದರೆ ‘ಒಳ್ಳೆಯ ಮನುಷ್ಯ’ ಎಂಬುದಷ್ಟೇ ಉತ್ತರ. ಕೇಳಬೇಕಾದದ್ದು ಸಣ್ಣ ಪ್ರಶ್ನೆಗಳು. ಅವರ ಹೆಂಡತಿಯ ತವರು ಯಾವ ಮನೆ? ಗೇಣಿ ಯಾರಿಗೆ ಅಳೆಯುತ್ತಿದ್ದರು? ಯಾವ ಶಾಲೆಗೆ ಹೋದವರು? ಕೋರ್ಟಿಗೆ ಎಲ್ಲಿಗೆ ಹೋಗುತ್ತಿದ್ದರು? ಕೋಲಕ್ಕೆ (ಭೂತಾರಾಧನೆಗೆ), ಆಯನಕ್ಕೆ (ದೇವಸ್ಥಾನದ ಉತ್ಸವಕ್ಕೆ) ಯಾವ ಊರಿಗೆ ಹೋಗುತ್ತಿದ್ದರು? ಶ್ರಾದ್ಧ ಯಾವ ತಿಥಿ?

ಹೆಂಗಸರನ್ನು ಬೇರೆಯಾಗಿ, ನಿಧಾನವಾಗಿ ಕೇಳಿ. ಯಾವ ಮನೆಯಿಂದ ಯಾವ ಮನೆಗೆ ಹೆಣ್ಣು ಹೋಯಿತೆಂಬ ನೆನಪು ಅವರಲ್ಲೇ ಗಟ್ಟಿ.

ಶ್ರಾದ್ಧ ಮಾಡುವ ಮನೆಗಳಲ್ಲಿ ಪುರೋಹಿತರು ತಂದೆ, ಅಜ್ಜ, ಮುತ್ತಜ್ಜ ಹೀಗೆ ಮೂರು ತಲೆಮಾರಿನ ಹೆಸರು ಗೋತ್ರಸಹಿತ ಹೇಳಿಸುತ್ತಾರೆ. ಇವತ್ತು ಶ್ರಾದ್ಧ ಮಾಡುತ್ತಿರುವ ಅತಿ ಹಿರಿಯರಿಂದ ಆ ಹೆಸರುಗಳನ್ನು ಬರೆಸಿಕೊಂಡರೆ ಒಮ್ಮೆಗೇ ನೂರು ವರ್ಷ ಹಿಂದಕ್ಕೆ ಹೋಗಬಹುದು. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ಪದ್ಧತಿ ಇರುವಲ್ಲಿ ಮಾತ್ರ ಎಚ್ಚರ ಬೇಕು. ಶಂಕರನಾರಾಯಣನ ಮಗ ಕೃಷ್ಣ, ಕೃಷ್ಣನ ಮಗ ಮತ್ತೆ ಶಂಕರನಾರಾಯಣ. ಒಬ್ಬನೇ ವ್ಯಕ್ತಿ ತೊಂಬತ್ತು ವರ್ಷ ವ್ಯವಹಾರ ಮಾಡಿದಂತೆ ಕಾಗದದಲ್ಲಿ ಕಂಡರೆ ಅಲ್ಲಿ ಅಜ್ಜ-ಮೊಮ್ಮಕ್ಕಳಿಬ್ಬರು ಬೆರೆತಿದ್ದಾರೆ.

ಹಂತ 3: ತಾರೀಕು ಬಿಡಿಸುವುದು

ಜಾತಕದಲ್ಲಿ ಶಕವರ್ಷ, ಸಂವತ್ಸರ ಎರಡೂ ಇರುತ್ತವೆ. ಶಕವರ್ಷಕ್ಕೆ 78 ಕೂಡಿಸಿ. ಜನನ ಜನವರಿಯಿಂದ ಯುಗಾದಿಯೊಳಗೆ ಆಗಿದ್ದರೆ 79. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಬರೀ ‘ರಕ್ತಾಕ್ಷಿ’ ಎಂದರೆ 1864, 1924, 1984 ಯಾವುದೂ ಆಗಬಹುದು. ಶಕ 1846, ರಕ್ತಾಕ್ಷಿ ಎಂದು ಎರಡೂ ಇದ್ದರೆ 1924-25 ಎಂದು ಖಚಿತ. ಇವೆರಡು ಹೊಂದದಿದ್ದರೆ ನಕಲು ಮಾಡುವಾಗ ತಪ್ಪಾಗಿದೆ. ಆಗ ವಾರ, ತಿಥಿ, ನಕ್ಷತ್ರ ಹಿಡಿದು ಹಳೆಯ ಪಂಚಾಂಗದಲ್ಲಿ ತಾಳೆನೋಡಿ.

ಹೊಸದುರ್ಗದ ಕಡೆಯ ಕಾಗದಗಳಲ್ಲೂ ಮಲಯಾಳಿ ಜೋಯಿಸರು ಬರೆದ ಜಾತಕಗಳಲ್ಲೂ ಮಲಯಾಳದ ಕೊಲ್ಲಂ ವರ್ಷ ಬರುತ್ತದೆ. ಚಿಂಗದಿಂದ (ಆಗಸ್ಟ್ ನಡುವಿಗೆ ಶುರುವಾಗುವ ತಿಂಗಳು) ಡಿಸೆಂಬರ್‌ವರೆಗೆ 824, ಜನವರಿಯಿಂದ ಕರ್ಕಾಟಕದ ಕೊನೆವರೆಗೆ 825 ಕೂಡಿಸಿ. 1099ರ ಕರ್ಕಾಟಕ ಎಂದರೆ 1924ರ ಜುಲೈ-ಆಗಸ್ಟ್. ಉತ್ತರ ಮಲಬಾರಿನಲ್ಲಿ ಹಿಂದೆ ವರ್ಷ ಶುರುವಾಗುತ್ತಿದ್ದದ್ದು ಚಿಂಗಕ್ಕಲ್ಲ, ಅದರ ಮುಂದಿನ ತಿಂಗಳು ಕನ್ನಿಗೆ. ಹಾಗಾಗಿ ಚಿಂಗ ತಿಂಗಳ ತಾರೀಕು ಬಂದರೆ ಒಂದು ವರ್ಷ ಆಚೀಚೆ ಇರಬಹುದೆಂದು ಬದಿಯಲ್ಲಿ ಗುರುತು ಹಾಕಿಡಿ.

‘ಸೋಣ 10ಕ್ಕೆ ತೀರಿಕೊಂಡರು’ ಎಂಬ ತುಳು ಲೆಕ್ಕ ಸೌರಮಾಸದ್ದು. ಆಟಿ ಜುಲೈ ನಡುವಿನಿಂದ, ಸೋಣ ಆಗಸ್ಟ್ ನಡುವಿನಿಂದ ಶುರು. ವರ್ಷ ನೆನಪಿಲ್ಲದಿದ್ದರೆ ಊರಿಗೆಲ್ಲ ಗೊತ್ತಿದ್ದ ಘಟನೆ ಹಿಡಿದು ಕೇಳಿ: 1923ರ ಮಾರಿಬೊಳ್ಳಕ್ಕೆ (ಮಹಾ ನೆರೆಗೆ) ಮೊದಲೋ ಮತ್ತೋ, 1941ರ ಕಯ್ಯೂರು ರೈತರ ಗಲಾಟೆ ಆಗುವಾಗ ಮದುವೆ ಆಗಿತ್ತೋ, ಕೇರಳಕ್ಕೆ ಸೇರುವಾಗ ಇದ್ದರೋ.

ಹಂತ 4: ವಿಲೇಜ್ ಆಫೀಸು

ಈಗ ಜಾಗ ಯಾರ ಹೆಸರಲ್ಲಿದೆಯೋ ಅವರ ತಂಡಪೇರ್ ನಂಬ್ರ, ಸರ್ವೆ ನಂಬ್ರ ಹಿಡಿದು ಹೋಗಿ. ತಂಡಪೇರ್ ಎಂದರೆ ಪಟ್ಟೆದಾರನ ಖಾತೆ. ಬೇಸಿಕ್ ಟ್ಯಾಕ್ಸ್ ರಿಜಿಸ್ಟರಿನಲ್ಲಿ ಸರ್ವೆ ನಂಬ್ರವಾರು ವಿವರ ಇರುತ್ತದೆ. ಅದರ ಹಿಂದಿನದು ಸೆಟ್ಲ್‌ಮೆಂಟ್ ರಿಜಿಸ್ಟರ್. ನಂಬ್ರ, ನಂಜ-ಪುಂಜ-ಬಾಗಾಯ್ತು (ಗದ್ದೆ-ಒಣಜಾಗ-ತೋಟ) ತರಗತಿ, ತೀರ್ವೆ, ಆ ಕಾಲದ ಪಟ್ಟೆದಾರನ ಹೆಸರು ಅದರಲ್ಲಿರುತ್ತವೆ. ಪಿಜ್ಜನೋ ಪಿಜ್ಜನ ಸೋದರಮಾವನೋ ಮೊದಲ ಸಲ ಸರಕಾರಿ ಪುಸ್ತಕದಲ್ಲಿ ಕಾಣಿಸಿಕೊಳ್ಳುವ ಜಾಗ ಹೆಚ್ಚಾಗಿ ಇದು.

ಇಲ್ಲಿ ಮೂರು ಕಡೆ ಜನ ಎಡವುತ್ತಾರೆ. ಮೊದಲನೆಯದು ಪಂಚಾಯತ್ ಹೆಸರನ್ನು ಗ್ರಾಮದ ಹೆಸರೆಂದು ಕೊಡುವುದು. ಪಂಚಾಯತ್ತೇ ಬೇರೆ, ಕಂದಾಯ ಗ್ರಾಮವೇ ಬೇರೆ. ಒಂದು ವಿಲೇಜ್ ಆಫೀಸಿನಡಿ ಎರಡು ಮೂರು ಗ್ರಾಮ ಇರುವುದೂ ಉಂಟು. ಎರಡನೆಯದು ಮರುಸರ್ವೆ, ಡಿಜಿಟಲ್ ಸರ್ವೆ ಆದಲ್ಲಿ ಹೊಸ ನಂಬ್ರ ಹಿಡಿದು ಹಳೆಯ ಪುಸ್ತಕ ತೆರೆಸುವುದು. ಹಳೆ ನಂಬ್ರ-ಹೊಸ ನಂಬ್ರಗಳ ಹೊಂದಾಣಿಕೆ ಪಟ್ಟಿಯನ್ನು ಮೊದಲು ಕೇಳಿ ಪಡೆಯಿರಿ. ಮೂರನೆಯದು ತಾಲೂಕು. ಮಂಜೇಶ್ವರ ತಾಲೂಕು ಆದದ್ದು 2014ರಲ್ಲಿ. ಹಾಗಾಗಿ ಪೈವಳಿಕೆ, ಮೀಂಜ, ವರ್ಕಾಡಿ, ಎಣ್ಮಕಜೆಯವರ ಹಳೆಯ ಕಡತ ಕಾಸರಗೋಡು ತಾಲೂಕು ಎಂಬ ತಲೆಬರಹದಡಿಯೇ ಇರುತ್ತದೆ.

ಅರ್ಜಿ ಕನ್ನಡದಲ್ಲೇ ಕೊಡಬಹುದು. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆ ಕೊಟ್ಟಿದೆ. ಆದರೂ ಹೆಸರು, ಗ್ರಾಮ, ನಂಬ್ರಗಳನ್ನು ಮಲಯಾಳದಲ್ಲಿಯೂ ಬರೆದು ಲಗತ್ತಿಸಿ. ಹುಡುಕುವವರಿಗೆ ಅನುಕೂಲವಾದರೆ ಸಿಗುವುದೂ ಬೇಗ. ‘ಇಲ್ಲ’ ಎಂಬ ಬಾಯಿಮಾತಿಗೆ ಸುಮ್ಮನಾಗದೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ ‘ಈ ಗ್ರಾಮದ ಸೆಟ್ಲ್‌ಮೆಂಟ್ ರಿಜಿಸ್ಟರ್ ಯಾವ ಕಚೇರಿಯಲ್ಲಿದೆ’ ಎಂದು ಕೇಳಿ. 30 ದಿನದೊಳಗೆ ಲಿಖಿತ ಉತ್ತರ ಬರಬೇಕು. ಎಲ್ಲಿದೆ ಎಂದು ಗೊತ್ತಾದರೆ ಸಾಕು, ನಕಲನ್ನು ಆ ಕಚೇರಿಯಿಂದ ಪಡೆಯಬಹುದು.

ಹಂತ 5: ಸಬ್ ರಿಜಿಸ್ಟ್ರಾರ್ ಕಚೇರಿ

ಒಬ್ಬ ಮನುಷ್ಯನ ಬದುಕು ಅತಿ ಹೆಚ್ಚು ಸಿಗುವುದು ಇಲ್ಲಿ. ಸಮಯ ಇದ್ದಷ್ಟನ್ನೂ ಇಲ್ಲಿಗೇ ಇಡಿ.

1908ರ ನೋಂದಣಿ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಯ ದಸ್ತಾವೇಜುಗಳ ನಕಲು 1ನೇ ಪುಸ್ತಕದಲ್ಲಿ, ವೀಲುನಾಮೆಗಳದ್ದು (ಉಯಿಲುಗಳದ್ದು) 3ನೇ ಪುಸ್ತಕದಲ್ಲಿ, ಇತರ ಕರಾರುಗಳದ್ದು 4ನೇ ಪುಸ್ತಕದಲ್ಲಿರುತ್ತದೆ. 1ನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರೂ ನೋಡಬಹುದು. ವೀಲುನಾಮೆಯ ನಕಲು ಬರೆದವರ ಮರಣಾನಂತರ ಅರ್ಜಿ ಹಾಕಿದ ಯಾರಿಗೂ ಸಿಗುತ್ತದೆ, ಮರಣದ ಪುರಾವೆ ಇಟ್ಟುಕೊಳ್ಳಿ. 1ನೇ ಪುಸ್ತಕಕ್ಕೆ ಎರಡು ಸೂಚಿಗಳಿವೆ. ಒಂದು ಹೆಸರಿನದ್ದು, ಇನ್ನೊಂದು ಜಾಗದ್ದು. ಎಲ್ಲರೂ ಹೆಸರಿನ ಸೂಚಿ ಕೇಳುತ್ತಾರೆ. ನೀವು ಜಾಗದ ಸೂಚಿ ಕೇಳಿ. ಗ್ರಾಮ, ಸರ್ವೆ ನಂಬ್ರ, ಹತ್ತು ವರ್ಷದ ಅವಧಿ ಹೇಳಿ. ಶೋಧನೆಯ ಶುಲ್ಕ ವರ್ಷದ ಲೆಕ್ಕದಲ್ಲಿ ಏರುವುದರಿಂದ ಒಮ್ಮೆಲೇ ಐವತ್ತು ವರ್ಷ ಕೇಳಬೇಡಿ.

ಅದಕ್ಕಿಂತಲೂ ಸುಲಭದ ದಾರಿ ದಸ್ತಾವೇಜಿನ ಒಳಗೇ ಇದೆ. ಪ್ರತಿ ದಸ್ತಾವೇಜಿನಲ್ಲೂ ‘ಇಂಥಾ ಇಸವಿಯ ಇಂಥಾ ನಂಬ್ರದ ದಸ್ತಾವೇಜಿನ ಪ್ರಕಾರ ನನಗೆ ಪ್ರಾಪ್ತವಾದ’ ಎಂಬ ಒಂದು ವಾಕ್ಯ ಇರುತ್ತದೆ. ಆ ನಂಬ್ರ ಹಿಡಿದು ಹಿಂದಿನ ದಸ್ತಾವೇಜು, ಅದರಲ್ಲಿರುವ ನಂಬ್ರ ಹಿಡಿದು ಅದರ ಹಿಂದಿನದು.

ನಕಲು ಕೈಗೆ ಬಂದ ಮೇಲೆ ಓದುವ ಕ್ರಮ ಮುಖ್ಯ. ಮೊದಲ ಸಾಲುಗಳಲ್ಲಿ ಬರೆದುಕೊಟ್ಟವರ ಮತ್ತು ಬರೆಸಿಕೊಂಡವರ ಹೆಸರು, ತಂದೆ ಅಥವಾ ಸೋದರಮಾವನ ಹೆಸರು, ವಯಸ್ಸು, ಕಸುಬು, ವಾಸದ ಮನೆ. ‘ಯಾನೆ’ ಕಂಡರೆ ಎರಡನೆಯ ಹೆಸರನ್ನೂ ಬರೆದುಕೊಳ್ಳಿ, ಬೇರೆ ದಾಖಲೆಗಳಲ್ಲಿ ಆ ಹೆಸರೇ ಬರಬಹುದು. ವಯಸ್ಸು 40, 45, 50 ಎಂದು ಗುಂಡಗೆ ಇದ್ದರೆ ಅಂದಾಜಿನದ್ದು, ಐದು ವರ್ಷ ಆಚೀಚೆ ಇಟ್ಟುಕೊಳ್ಳಿ. 43, 57 ಎಂದಿದ್ದರೆ ತುಸು ಹೆಚ್ಚು ನಂಬಬಹುದು. ನಡುವೆ ವ್ಯವಹಾರದ ಕಾರಣ ಇರುತ್ತದೆ. ಮಗಳ ಮದುವೆಗೆ ಸಾಲ, ಮಾವನ ಕಾಲದ ಬಾಕಿ, ಕೋರ್ಟು ಖರ್ಚು. ದಿನಚರಿ ಬರೆದಿಡದ ಮನುಷ್ಯನ ಕಷ್ಟಸುಖ ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅನಂತರ ನಾಲ್ಕು ಗಡಿ. ನೆರೆಯ ಜಾಗದವರ ಹೆಸರುಗಳು ಅಲ್ಲಿ ಬರುತ್ತವೆ, ನಿಮ್ಮ ಸುಬ್ರಾಯ ಯಾರೆಂದು ಬೇರ್ಪಡಿಸಿ ಹೇಳುವುದು ಈ ಗಡಿಗಳೇ. ಕೊನೆಗೆ ಸಾಕ್ಷಿಗಳು, ಬಿಕ್ಕಲಂ ಹಾಕಿದವರು (ದಸ್ತಾವೇಜನ್ನು ಕೈಯಾರೆ ಬರೆದವರು).

ಮನೆಯಲ್ಲಿ ಮೂಲ ದಸ್ತಾವೇಜು ಇದ್ದರೆ ಹಿಂಬದಿ ಬಿಡಬೇಡಿ. ಹಾಜರುಪಡಿಸಿದ ತಾರೀಕು, ಸಹಿ ಅಥವಾ ಹೆಬ್ಬೆಟ್ಟು, ಗುರುತಿಸಿದವರ ಹೆಸರು, ಪುಸ್ತಕ-ಸಂಪುಟ-ಪುಟ ಸಂಖ್ಯೆ ಅಲ್ಲೇ ಇರುತ್ತವೆ. ಗುರುತಿಸಿದವರು ಹೆಚ್ಚಾಗಿ ಭಾವ, ಅಳಿಯ, ಷಡ್ಡಕ. ದಸ್ತಾವೇಜಿನ ಫೋಟೋ ತೆಗೆಯುವವರು ಮುಂಬದಿ ಮಾತ್ರ ತೆಗೆದು ಇದನ್ನೆಲ್ಲ ಕಳೆದುಕೊಳ್ಳುತ್ತಾರೆ.

ಒಂದು ಕಚೇರಿಯಲ್ಲಿ ಸಿಗದಿದ್ದರೆ ಹುಡುಕಾಟ ಮುಗಿಯಲಿಲ್ಲ. ಹೊಸ ಸಬ್ ರಿಜಿಸ್ಟ್ರಾರ್ ಕಚೇರಿ ಆಗುವ ಮೊದಲಿನ ಸಂಪುಟಗಳು ಹಳೆಯ ಕಚೇರಿಯಲ್ಲೇ ಉಳಿದಿರಬಹುದು. ಜೊತೆಗೆ, ಜಾಗ ಎರಡು ಕಚೇರಿಗಳ ವ್ಯಾಪ್ತಿಯಲ್ಲಿ ಹರಡಿದ್ದರೆ ಯಾವುದಾದರೂ ಒಂದರಲ್ಲಿ ನೋಂದಾಯಿಸಲು ಕಾನೂನಿನಲ್ಲಿ ಅವಕಾಶ ಇದೆ. ಎಣ್ಮಕಜೆ, ಬೆಳ್ಳೂರು, ದೇಲಂಪಾಡಿ ಕಡೆಯವರಿಗೆ ಪುತ್ತೂರು, ಸುಳ್ಯದಲ್ಲಿ ತುಂಡು ಜಾಗ ಇದ್ದಿದ್ದರೆ ಇಡೀ ಪಾಲುಪಟ್ಟಿ ಪುತ್ತೂರಿನ ಪುಸ್ತಕದಲ್ಲಿರಬಹುದು. ಆಗ ಗಡಿ ಇರಲಿಲ್ಲ, ಎಲ್ಲವೂ ಒಂದೇ ಜಿಲ್ಲೆ.

ಅಳಿಯಸಂತಾನ, ಮರುಮಕ್ಕತ್ತಾಯದ ಮನೆಗಳವರು ಇದನ್ನು ಮೊದಲು ಓದಿ

ಅಳಿಯಸಂತಾನ, ಮರುಮಕ್ಕತ್ತಾಯ ಎಂದರೆ ಹೆಣ್ಣಿನ ಕಡೆಯಿಂದ ವಂಶ, ಆಸ್ತಿ ಸಾಗುವ ಪದ್ಧತಿ. ಬಂಟರು, ಬಿಲ್ಲವರು, ನಾಯರು, ತೀಯರು ಮುಂತಾದವರ ಮನೆಗಳಲ್ಲಿ ತಂದೆಯ ಹೆಸರು ಹಿಡಿದು ಹುಡುಕಿದರೆ ಎಷ್ಟು ವರ್ಷ ಹುಡುಕಿದರೂ ಕೈ ಬರಿದೇ. ಪಟ್ಟೆ ಇರುತ್ತಿದ್ದದ್ದು ಯಜಮಾನನ ಅಥವಾ ಕಾರಣವನ (ಮನೆಯ ಹಿರಿಯ ಸೋದರಮಾವನ) ಹೆಸರಲ್ಲಿ. ಅವನ ನಂತರ ಬರುವವ ಮಗನಲ್ಲ, ತಮ್ಮ ಅಥವಾ ಅಕ್ಕತಂಗಿಯ ಮಗ. ರಿಜಿಸ್ಟರಿನಲ್ಲಿ ಒಂದರ ಕೆಳಗೊಂದು ಇರುವ ಎರಡು ಹೆಸರನ್ನು ಅಪ್ಪ-ಮಗ ಎಂದು ಬರೆದುಬಿಡುವುದು ಇಲ್ಲಿನ ವಂಶವೃಕ್ಷಗಳಲ್ಲಿ ಅತಿ ಸಾಮಾನ್ಯ ತಪ್ಪು. ಒಮ್ಮೆ ಆದರೆ ಮೇಲಿನ ಕೊಂಬೆಯೆಲ್ಲ ತಪ್ಪು.

ಈ ಮನೆಗಳಲ್ಲಿ ಹೆಂಗಸರ ಸಾಲನ್ನು ಮೊದಲು ಬರೆಯಿರಿ: ಅಮ್ಮ, ಅಜ್ಜಿ, ಅಜ್ಜಿಯ ಅಮ್ಮ. ಪ್ರತಿಯೊಬ್ಬಳ ಪಕ್ಕದಲ್ಲಿ ಅವಳ ಅಣ್ಣತಮ್ಮಂದಿರು. ಪಟ್ಟೆದಾರರ ಹೆಸರು ಈ ಅಣ್ಣತಮ್ಮಂದಿರ ಸಾಲಿನಲ್ಲಿ ಸಿಗುತ್ತದೆ. ನಿಮ್ಮ ತಂದೆಯ ಕಡೆಯ ಅಜ್ಜನ ಬದುಕು ಬೇಕಿದ್ದರೆ ಅವನ ತಾಯಿಮನೆಯ ಕಾಗದ ನೋಡಬೇಕೇ ಹೊರತು ಅವನು ಹೆಂಡತಿ ಮಕ್ಕಳೊಂದಿಗೆ ಇದ್ದ ಮನೆಯದ್ದಲ್ಲ.

1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಿಂದ ಕವರುಗಳಿಗೆ (ಹೆಣ್ಣಿನ ಕಡೆಯಿಂದ ಬಂದ ಕುಟುಂಬದ ಕವಲುಗಳಿಗೆ) ಪಾಲು ಕೇಳುವ ಹಕ್ಕು ಬಂತು. ಹಾಗಾಗಿ 1950ರಿಂದೀಚಿನ ಪಾಲುಪಟ್ಟಿಗಳನ್ನು ತಪ್ಪದೆ ಹುಡುಕಿ. ಕವರುವಾರು ಎಲ್ಲ ಸದಸ್ಯರ ಹೆಸರು, ವಯಸ್ಸು, ಸಂಬಂಧ, ಕೂಸುಗಳ ಸಹಿತ, ಒಂದೇ ಕಡೆ ಸಿಗುವುದು ಅಲ್ಲಿ. ಕೇರಳದಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿ ರದ್ದಾದದ್ದು 1976ರ ಡಿಸೆಂಬರ್ 1ರಿಂದ. ಅದರ ಆಸುಪಾಸಿನ ವರ್ಷಗಳನ್ನೂ ನೋಡಿ. ಪಾಲು ಮಾತುಕತೆಯಲ್ಲಿ ಮುಗಿಯದಿದ್ದರೆ ಕೋರ್ಟಿನಲ್ಲಿ ದಾವೆ ಆಗಿರುತ್ತದೆ. ದಾವೆ ನಂಬ್ರ, ಇಸವಿ ಸಿಕ್ಕರೆ ಡಿಕ್ರಿಯ ನಕಲಿಗೆ ಅರ್ಜಿ ಹಾಕಬಹುದು.

ಹಂತ 6: ಸ್ವಂತ ಜಾಗ ಇಲ್ಲದವರ ದಾರಿ

ಪಿಜ್ಜ ಒಕ್ಕಲಾಗಿದ್ದರೆ ಪಟ್ಟೆಯಲ್ಲಿ ಅವನ ಹೆಸರಿರುವುದಿಲ್ಲ. ಅವನನ್ನು ಹುಡುಕಬೇಕಾದದ್ದು ಲ್ಯಾಂಡ್ ಟ್ರಿಬ್ಯೂನಲ್ ಕಡತದಲ್ಲಿ. ಕೇರಳದಲ್ಲಿ 1970ರ ಜನವರಿ 1ಕ್ಕೆ ಗೇಣಿ ಜಾಗದ ಧಣಿಗಳ ಹಕ್ಕು ಸರಕಾರಕ್ಕೆ ಸೇರಿ, ಗೇಣಿದಾರರಿಗೆ ಕ್ರಯ ಸರ್ಟಿಫಿಕೇಟ್ ಸಿಕ್ಕಿತು. ಆ ಸರ್ಟಿಫಿಕೇಟಿನಲ್ಲಿ ಪ್ರಕರಣದ ನಂಬ್ರ, ಇಸವಿ ಇರುತ್ತದೆ. ಅದನ್ನು ಹಿಡಿದು ಪೂರ್ತಿ ಕಡತ ಕೇಳಿ. ಗೇಣಿ ಯಾವಾಗಿನಿಂದ, ಮೂಲಗೇಣಿಯೋ (ಶಾಶ್ವತ ಗೇಣಿ) ಚಾಲಗೇಣಿಯೋ (ತಾತ್ಕಾಲಿಕ ಗೇಣಿ), ಹಿಂದೆ ಯಾರ ಹೆಸರಿನಲ್ಲಿತ್ತು ಎಂಬ ಹೇಳಿಕೆ ಅದರಲ್ಲಿರಬಹುದು. ಕೆಲವದರಲ್ಲಿ ಹಳೆಯ ಗೇಣಿ ಚೀಟಿಯೂ ಸೇರಿರುತ್ತದೆ. ಗೇಣಿಯನ್ನು ಅಕ್ಕಿ ಮುಡಿಯಲ್ಲಿ ಬರೆದಿದ್ದರೆ ನಮ್ಮ ಕಡೆಯ ಲೆಕ್ಕಕ್ಕೆ ಮುಡಿಗೆ 42 ಸೇರು. ಆ ಲೆಕ್ಕ ಹಾಕಿದರೆ ವರ್ಷದ ಬೆಳೆಯಲ್ಲಿ ಧಣಿಗೆ ಎಷ್ಟು ಹೋಗುತ್ತಿತ್ತೆಂದು ಕಾಣುತ್ತದೆ.

ಧಣಿಯ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದವರಿಗೆ ಕುಡಿಕಿಡಪ್ಪಿನ ಹಕ್ಕು ಸಿಕ್ಕಿತ್ತು, ಪಂಚಾಯತ್ ವ್ಯಾಪ್ತಿಯಲ್ಲಿ 10 ಸೆಂಟ್ಸ್ ವರೆಗೆ. ಅದರ ಕಡತವೂ ಟ್ರಿಬ್ಯೂನಲಿನದ್ದೇ. ಕೂಲಿ ಮಾಡಿ ಬದುಕಿದ ಎಷ್ಟೋ ಮನೆಗಳ ಹಿರಿಯರ ಹೆಸರು ಬರಹದಲ್ಲಿ ಉಳಿದಿರುವ ಒಂದೇ ಕಡೆ ಅದು. ಇಲ್ಲಿಯೂ ಸಿಗದಿದ್ದರೆ ಧಣಿ ಮನೆಯ ಗೇಣಿ ಲೆಕ್ಕದ ಪುಸ್ತಕ ನೋಡಲು ಮರ್ಯಾದೆಯಿಂದ ಕೇಳಿ. ಜಾಗದ ತಕರಾರು ಎಬ್ಬಿಸಲು ಬಂದದ್ದಲ್ಲ ಎಂದು ಮೊದಲೇ ತಿಳಿಸಿದರೆ ಹೆಚ್ಚಿನವರು ತೋರಿಸುತ್ತಾರೆ.

ಹಂತ 7: ಶಾಲೆ, ಪಂಚಾಯತ್, ಇಗರ್ಜಿ

ಶಾಲೆಯ ಅಡ್ಮಿಷನ್ ರಿಜಿಸ್ಟರಿನಲ್ಲಿ ಸೇರಿದ ತಾರೀಕು, ರಕ್ಷಕರ ಹೆಸರು, ಮನೆ, ಹಿಂದಿನ ಶಾಲೆ, ಬಿಟ್ಟ ತಾರೀಕು ಸಿಗುತ್ತವೆ. ರಕ್ಷಕರ ಕಾಲಂನಲ್ಲಿ ತಂದೆಯ ಬದಲು ಮಾವನಿರಬಹುದು. ಜನ್ಮದಿನಾಂಕ ಶಾಲೆಗೆ ಸೇರಿಸುವ ವಯಸ್ಸಿಗೆ ಹೊಂದಿಸಿ ಬರೆದದ್ದಾಗಿರುವ ಸಾಧ್ಯತೆ ಹೆಚ್ಚು, ಜಾತಕ ಇದ್ದರೆ ಜಾತಕವನ್ನೇ ನಂಬಿ.

ಜನನ-ಮರಣದ ಈಗಿನ ನೋಂದಣಿ 1969ರ ಕಾಯ್ದೆಯದ್ದು. ಆನ್‌ಲೈನಿನಲ್ಲಿ ಸಿಗುವುದು ಹೆಚ್ಚಾಗಿ ಇತ್ತೀಚಿನವು. ಹಿಂದೆ ಗ್ರಾಮದ ಅಧಿಕಾರಿಗಳು ಬರೆದಿಡುತ್ತಿದ್ದ ಪುಸ್ತಕಗಳಿಗೆ ಪಂಚಾಯತ್, ತಾಲೂಕು ಕಚೇರಿ ಎರಡರಲ್ಲೂ ವಿಚಾರಿಸಿ. ಅವುಗಳಲ್ಲಿ ಮಗುವಿನ ಹೆಸರು ಇಲ್ಲದೆ ‘ಗಂಡು’ ‘ಹೆಣ್ಣು’ ಎಂದಷ್ಟೇ ಇರುವುದುಂಟು.

ಕ್ರೈಸ್ತರಿಗೆ ಇಗರ್ಜಿಯ ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳು ಎಲ್ಲಕ್ಕಿಂತ ಗಟ್ಟಿ. ಹೊಸ ಇಗರ್ಜಿ ಆಗುವ ಮೊದಲಿನ ನಮೂದಿಗೆ ಮೂಲ ಇಗರ್ಜಿಗೆ ಹೋಗಬೇಕು. ಮುಸ್ಲಿಮರು ಜಮಾಅತಿನ ನಿಕಾಹ್ ಪುಸ್ತಕ ಕೇಳಿ.

ಹಂತ 8: ಒಬ್ಬನೇ ವ್ಯಕ್ತಿ ಹೌದೇ ಎಂದು ಪರೀಕ್ಷಿಸುವುದು

ಎರಡು ದಾಖಲೆಯ ಇಬ್ಬರು ಒಬ್ಬರೇ ಎನ್ನಬೇಕಿದ್ದರೆ ಹೆಸರಿನ ಹೊರತಾಗಿ ಕನಿಷ್ಠ ಎರಡು ಅಂಶ ಹೊಂದಬೇಕು: ಮನೆ, ಸರ್ವೆ ನಂಬ್ರ, ತಂದೆ ಅಥವಾ ಮಾವ, ಹೆಂಡತಿ, ಸಹಿ. ಮಲಯಾಳಕ್ಕೆ ಹೋಗುವಾಗ ಹೆಸರಿನ ರೂಪ ಬದಲಾಗುತ್ತದೆ. ಕುಂಬಳೆ ಕುಂಬಳ ಆಗುತ್ತದೆ, ಮಂಜೇಶ್ವರ ಮಂಜೇಶ್ವರಂ ಆಗುತ್ತದೆ. ಇದರಿಂದ ಗಾಬರಿ ಬೇಡ. ಗಾಬರಿಯಾಗಬೇಕಾದದ್ದು ಬೇರೆ ಕಡೆ: ಹದಿಮೂರು ವರ್ಷಕ್ಕೆ ತಂದೆಯಾದವನು, ಮರಣಾನಂತರ ಸಹಿ ಹಾಕಿದವನು, ಒಂದೇ ವರ್ಷ ಎರಡು ದೂರದ ಗ್ರಾಮಗಳಲ್ಲಿ ವಾಸ ತೋರಿಸಿದವನು. ಇಂಥವು ಕಂಡರೆ ಮುಂದೆ ಹೋಗದೆ ಆ ತಲೆಮಾರಿಗೆ ಮರಳಿ, ಕಾಗದಗಳನ್ನು ಮತ್ತೆ ಎರಡು ಗುಂಪು ಮಾಡಿ ನೋಡಿ.

ಹಂತ 9: ದೂರದ ಕಡತಾಗಾರಗಳು

ಊರಿನ ಕಚೇರಿಗಳು ಮುಗಿದ ಮೇಲೆಯೇ ಇಲ್ಲಿಗೆ ಹೋಗಿ. ಮದ್ರಾಸ್ ಆಡಳಿತ ಕಾಲದ ಕಂದಾಯ ಕಡತಗಳಿಗೆ ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ, 1956ರ ನಂತರದ್ದಕ್ಕೆ ಕಣ್ಣೂರು, ಕೋಝಿಕ್ಕೋಡು, ಹಳೆಯ ಜಿಲ್ಲಾ ಕಡತಕ್ಕೆ ಮಂಗಳೂರಿನ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಣೆ. ಪಟೇಲಿಕೆ, ಶಾನುಭೋಗಿಕೆ, ಶಾಲಾ ಮಾಸ್ತರಿಕೆ ಮಾಡಿದ ಹಿರಿಯರಿದ್ದರೆ ಮಾತ್ರ ಚೆನ್ನೈಗೆ ಹೋದದ್ದಕ್ಕೆ ಫಲ ಸಿಗುವ ಸಾಧ್ಯತೆ ಇದೆ. ಸಾಮಾನ್ಯ ರೈತನ ಹೆಸರು ಅಲ್ಲಿನ ಕಡತದಲ್ಲಿ ಬರುವುದು ಅಪರೂಪ. ಹೋಗುವ ಮೊದಲು ಗ್ರಾಮ, ತಾಲೂಕು, ಇಸವಿ, ಹುದ್ದೆ ಬರೆದು ಪತ್ರ ಹಾಕಿ, ಕಡತ ನೋಡಲು ಯಾವ ಗುರುತಿನ ಕಾಗದ, ಯಾರ ಶಿಫಾರಸು ಬೇಕೆಂದು ಕೇಳಿ ತಿಳಿದುಕೊಳ್ಳಿ. ಆಗಿನ ಸರಕಾರಿ ಕಡತಗಳು ಇಂಗ್ಲಿಷಿನಲ್ಲಿರುವುದರಿಂದ ಊರಿನ ಹೆಸರನ್ನು ಅಂದಿನ ಇಂಗ್ಲಿಷ್ ಬರವಣಿಗೆಯ ಎರಡು ಮೂರು ರೂಪಗಳಲ್ಲಿ ಬರೆದು ಕೊಂಡೊಯ್ಯಿರಿ.